ಮೊದಲು ಕಲಿಕೆ, ಆಮೇಲೆ ಖರೀದಿ: ಶಾಲೆಗೆ ತಂತ್ರಜ್ಞಾನ ತರುವವರಿಗೆ ಹತ್ತು ಸೂತ್ರಗಳು

ಶಾಲೆಗೆ ಒಂದಿಷ್ಟು ಹಣ ಬಂದಿದೆ ಎನ್ನೋಣ. ಹಳೆಯ ವಿದ್ಯಾರ್ಥಿಗಳು ಕೂಡಿಸಿ ಕೊಟ್ಟದ್ದಿರಬಹುದು, ಕಂಪನಿಯೊಂದರ ಸಿಎಸ್‌ಆರ್ ನಿಧಿ ಇರಬಹುದು, ಸರ್ಕಾರದ ಅನುದಾನವೇ ಇರಬಹುದು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಸೇರುತ್ತದೆ. ಒಬ್ಬರು ಸ್ಮಾರ್ಟ್ ಬೋರ್ಡ್ ತರೋಣ ಎನ್ನುತ್ತಾರೆ, ಇನ್ನೊಬ್ಬರು ಟ್ಯಾಬ್ ಸಾಕು ಎನ್ನುತ್ತಾರೆ. ಪಕ್ಕದ ಊರಿನ ಖಾಸಗಿ ಶಾಲೆಯಲ್ಲಿ ಏನೇನಿದೆ ಎಂಬ ಚರ್ಚೆಯೂ ನಡೆಯುತ್ತದೆ. ನಮ್ಮ ಮಕ್ಕಳು ಯಾವ ತರಗತಿಯಲ್ಲಿ, ಯಾವ ವಿಷಯದಲ್ಲಿ ಹಿಂದೆ ಬಿದ್ದಿದ್ದಾರೆ ಎಂಬ ಮಾತು ಮಾತ್ರ ಎಷ್ಟೋ ಸಭೆಗಳಲ್ಲಿ ಬರುವುದೇ ಇಲ್ಲ.

ಚರ್ಚೆ ಅಲ್ಲಿಂದಲೇ ಶುರುವಾಗಬೇಕು. ಪ್ರತಿ ತರಗತಿ ಮುಗಿಸುವ ಹೊತ್ತಿಗೆ ಮಗು ಏನನ್ನು ಕಲಿತಿರಬೇಕು ಎಂಬುದನ್ನು ನಮ್ಮ ದೇಶ ಬರೆದಿಟ್ಟಿದೆ. 2017ರಲ್ಲಿ ಶಿಕ್ಷಣ ಹಕ್ಕು ನಿಯಮಗಳಿಗೆ ತಿದ್ದುಪಡಿ ಬಂದು ಕಲಿಕಾ ಫಲಗಳು ಅವುಗಳ ಭಾಗವಾದವು. ಎನ್‌ಸಿಇಆರ್‌ಟಿ ಅದೇ ವರ್ಷ 8ನೇ ತರಗತಿವರೆಗಿನ ಪಟ್ಟಿಯನ್ನು ಹೊರತಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಬುನಾದಿ ಓದು-ಲೆಕ್ಕಕ್ಕಾಗಿ 2021ರಲ್ಲಿ ಬಂದ ನಿಪುಣ್ ಭಾರತ್ ಯೋಜನೆ, 2023ರ ಶಾಲಾ ಶಿಕ್ಷಣದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಅದರ ಹಿಂದೆಯೇ ಬಂದವು. ಸರ್ಕಾರಗಳು ಯಾವುದಕ್ಕೆ ಹಣ ಕೊಡುತ್ತವೆ, ಮಾರಾಟಗಾರರು ಯಾವ ಸರಕು ತಂದು ತೋರಿಸುತ್ತಾರೆ ಎಂಬುದರ ಮೇಲೆಲ್ಲ ಇಂಥ ಶೈಕ್ಷಣಿಕ ಮಾನದಂಡಗಳ ಪ್ರಭಾವ ಇದ್ದೇ ಇರುತ್ತದೆ. ಅವುಗಳನ್ನು ಮೊದಲೇ ಓದಿಕೊಂಡ ಶಾಲೆ ತನ್ನ ಹಣವನ್ನು ತಾನೇ ನಡೆಸುತ್ತದೆ. ಓದದ ಶಾಲೆಯ ಹಣವನ್ನು ಬೇರೆಯವರು ನಡೆಸುತ್ತಾರೆ. ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ ಸದಸ್ಯರು, ಆಡಳಿತ ಮಂಡಳಿಯವರು, ದಾನಿಗಳು ಎಲ್ಲರಿಗೂ ಉಪಯೋಗವಾಗುವ ಹತ್ತು ಸೂತ್ರಗಳು ಇಲ್ಲಿವೆ.

1. ದರಪಟ್ಟಿಗಿಂತ ಮೊದಲು ಕಲಿಕಾ ಫಲಗಳ ಪಟ್ಟಿ ತೆರೆಯಿರಿ

ಸಭೆಯ ಮೇಜಿನ ಮೇಲೆ ಮೊದಲು ಬರಬೇಕಾದ ಕಾಗದ ಕಂಪನಿಯ ಕೊಟೇಷನ್ ಅಲ್ಲ. ನಿಮ್ಮ ಶಾಲೆಯ ತರಗತಿಗಳ ಕಲಿಕಾ ಫಲಗಳ ಪಟ್ಟಿಯನ್ನು ಮುದ್ರಿಸಿ ತನ್ನಿ. ಆಯಾ ವಿಷಯದ ಶಿಕ್ಷಕರು ಅದರಲ್ಲಿ ಮೂರು ಗುರುತು ಹಾಕಲಿ: ಹೆಚ್ಚಿನ ಮಕ್ಕಳು ತಲುಪಿದ್ದು, ಅರ್ಧದಷ್ಟು ಮಕ್ಕಳು ತಲುಪಿದ್ದು, ಬಹುತೇಕ ಯಾರೂ ತಲುಪದೇ ಇದ್ದದ್ದು. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ ಇದು.

ಹೀಗೆ ಮಾಡಿದಾಗ ಎಲ್ಲಿ ಕೊರತೆಯಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ನಿಪುಣ್ ಭಾರತ್ ಗುರಿಯ ಪ್ರಕಾರ 3ನೇ ತರಗತಿ ಮುಗಿಸುವ ಮಗು, ಮೊದಲು ನೋಡಿರದ ಪಠ್ಯವನ್ನು ನಿಮಿಷಕ್ಕೆ ಕನಿಷ್ಠ 60 ಪದಗಳಂತೆ ಅರ್ಥವಾಗುವ ಹಾಗೆ ಓದಬೇಕು. 9999ರವರೆಗಿನ ಸಂಖ್ಯೆಗಳನ್ನು ಓದಿ ಬರೆಯಬೇಕು. ನಿಮ್ಮ ಮಕ್ಕಳು ಇಲ್ಲೇ ತೊಡರುತ್ತಿದ್ದರೆ ಹಣ ಮೊದಲು ಹೋಗಬೇಕಾದದ್ದು ಇಲ್ಲಿಗೆ. ಮೇಲಿನ ತರಗತಿಗೆ ಎಷ್ಟೇ ಒಳ್ಳೆಯ ಪರದೆ ತಂದರೂ, ಅದರಲ್ಲಿ ಮೂಡುವ ಸಾಲನ್ನು ಓದಲಾಗದ ಮಗುವಿಗೆ ಅದರಿಂದ ಉಪಯೋಗವಿಲ್ಲ.

2. ಯಂತ್ರ ಏನು ಮಾಡುತ್ತದೆ ಎಂದಲ್ಲ, ಮಗು ಏನು ಮಾಡಬೇಕು ಎಂದು ಕೇಳಿ

ಪ್ರತಿ ಕಲಿಕಾ ಫಲದಲ್ಲೂ ಮಗು ಮಾಡಬೇಕಾದ ಒಂದು ಕೆಲಸ ಇರುತ್ತದೆ. ಓದುವುದು, ಅಳೆಯುವುದು, ವರ್ಗೀಕರಿಸುವುದು, ನಕ್ಷೆಯಲ್ಲಿ ಗುರುತಿಸುವುದು, ಕಾರಣ ವಿವರಿಸುವುದು. ಆ ಕೆಲಸವೇ ನಿಮ್ಮ ಖರೀದಿಗೆ ದಾರಿ ತೋರಿಸಬೇಕು.

10ನೇ ತರಗತಿಯ ವಿದ್ಯುಚ್ಛಕ್ತಿ ಪಾಠ ತೆಗೆದುಕೊಳ್ಳಿ. ಮಂಡಲ ಜೋಡಿಸಿ, ಅಮ್ಮೀಟರ್ ಮತ್ತು ವೋಲ್ಟ್‌ಮೀಟರ್‌ನಲ್ಲಿ ಅಳತೆ ತೆಗೆದು, ಓಮ್‌ನ ನಿಯಮವನ್ನು ವಿದ್ಯಾರ್ಥಿಯೇ ಕಂಡುಕೊಳ್ಳಬೇಕು. ಇದಕ್ಕೆ ಬೇಕಾದದ್ದು ಕೆಲಸ ಮಾಡುವ ಮೀಟರ್‌ಗಳು, ತಂತಿ, ಬ್ಯಾಟರಿ. ಅವನ್ನು ಕೊಟ್ಟ ಮೇಲೆ, ರೋಧವನ್ನು ಹೆಚ್ಚು ಕಡಿಮೆ ಮಾಡಿ ಮತ್ತೆ ಮತ್ತೆ ಪರೀಕ್ಷಿಸಿ ನೋಡಲು ಕೊಲೊರಾಡೊ ವಿಶ್ವವಿದ್ಯಾಲಯದ ಉಚಿತ ಫೆಟ್ ಸಿಮ್ಯುಲೇಷನ್‌ಗಳು ಬಹಳ ಒಳ್ಳೆಯ ನೆರವು. ಪರಮಾಣು ರಚನೆಯ ಪಾಠದಲ್ಲಿ ಲೆಕ್ಕ ತಿರುಗುಮುರುಗು: ಅಲ್ಲಿ ಕಣ್ಣಿಗೆ ಕಾಣದ್ದನ್ನು ತೋರಿಸಬೇಕು, ಆದ್ದರಿಂದ ಪರದೆಗೇ ಮೊದಲ ಸ್ಥಾನ. ಅದೇ ಶಾಲೆ, ಅದೇ ವಿಜ್ಞಾನ ಶಿಕ್ಷಕರು, ಆದರೂ ಎರಡು ಪಾಠಗಳಿಗೆ ಎರಡು ಬಗೆಯ ಖರ್ಚು. ಯಾವುದು ಎಲ್ಲಿಗೆ ಸಲ್ಲುತ್ತದೆ ಎಂದು ಹೇಳಬೇಕಾದದ್ದು ಪಾಠ.

3. ಮಾನದಂಡ ಬದಲಾದಾಗ ಅವಸರಪಡಬೇಡಿ: ಅಮೆರಿಕದ ಪಾಠ ಓದಿ

ಮಾನದಂಡಗಳು ಹಣವನ್ನು ಹೇಗೆ ಎಳೆಯುತ್ತವೆ ಎಂದು ತಿಳಿಯಲು ಅಮೆರಿಕದ ಕಾಮನ್ ಕೋರ್‌ಗಿಂತ ದೊಡ್ಡ ಉದಾಹರಣೆ ಸಿಗಲಾರದು. 2010ರಲ್ಲಿ ಪ್ರಕಟವಾದ ಈ ಮಾನದಂಡಗಳನ್ನು 40ಕ್ಕೂ ಹೆಚ್ಚು ರಾಜ್ಯಗಳು ಒಪ್ಪಿಕೊಂಡವು. ಅವುಗಳಲ್ಲಿ ಬರವಣಿಗೆಗೆ ಸಂಬಂಧಿಸಿದ ಒಂದು ಸಾಲು ಹೀಗಿತ್ತು: 4ನೇ ತರಗತಿಯ ಮಗು ಒಮ್ಮೆ ಕುಳಿತರೆ ಕನಿಷ್ಠ ಒಂದು ಪುಟ ಟೈಪ್ ಮಾಡುವಷ್ಟು ಕೀಲಿಮಣೆ ಕೌಶಲ ಹೊಂದಿರಬೇಕು, 5ನೇ ತರಗತಿಯಲ್ಲಿ ಎರಡು ಪುಟ. ಹೊಸ ಪರೀಕ್ಷೆಗಳೂ ಕಂಪ್ಯೂಟರ್‌ನಲ್ಲೇ ನಡೆಯುವಂತೆ ರೂಪುಗೊಂಡವು. 2015ರಲ್ಲಿ ಹಲವು ರಾಜ್ಯಗಳಲ್ಲಿ ಜಾರಿಗೆ ಬಂದವು. ಮಾನದಂಡ ಮತ್ತು ಪರೀಕ್ಷೆ ಎರಡೂ ಸೇರಿ, ಕಂಪ್ಯೂಟರ್ ಮತ್ತು ಇಂಟರ್‌ನೆಟ್ ಇಲ್ಲದ ಶಾಲೆ ನಡೆಯುವಂತಿಲ್ಲ ಎಂಬ ಸ್ಥಿತಿ ತಂದವು. ಕ್ಯಾಲಿಫೋರ್ನಿಯ ರಾಜ್ಯವೊಂದೇ 2013ರಲ್ಲಿ ಹೊಸ ಮಾನದಂಡಗಳ ಜಾರಿಗಾಗಿ 125 ಕೋಟಿ ಡಾಲರ್ ಕೊಟ್ಟಿತು. ಪುಸ್ತಕ, ಶಿಕ್ಷಕರ ತರಬೇತಿ, ತಂತ್ರಜ್ಞಾನ ಮೂರಕ್ಕೂ ಅದನ್ನು ಬಳಸಬಹುದಿತ್ತು.

ಅದೇ ವರ್ಷ ಲಾಸ್ ಏಂಜಲಿಸ್ ಶಾಲಾ ಜಿಲ್ಲೆ ಪ್ರತಿ ವಿದ್ಯಾರ್ಥಿಗೂ ಒಂದು ಟ್ಯಾಬ್ ಕೊಡುವ ಯೋಜನೆಗೆ ಕೈಹಾಕಿತು. ಒಟ್ಟು ಅಂದಾಜು 130 ಕೋಟಿ ಡಾಲರ್. ಶಾಲಾ ಕಟ್ಟಡಗಳಿಗೆಂದು ಎತ್ತಿದ ಬಾಂಡ್ ಹಣವೂ ಇದಕ್ಕೆ ಬಳಕೆಯಾಯಿತು. ಟ್ಯಾಬ್‌ಗೆ ಕೀಲಿಮಣೆ ಇರಲಿಲ್ಲ. ಪರೀಕ್ಷೆಗೆ ಅದು ಬೇಕಾಗಿತ್ತು. ಮಕ್ಕಳು ಕೆಲವೇ ದಿನಗಳಲ್ಲಿ ಸುರಕ್ಷತಾ ಬೀಗ ದಾಟಿ ತಮಗೆ ಬೇಕಾದ ತಾಣಗಳಿಗೆ ಹೋದರು. 2014ರ ಆಗಸ್ಟ್‌ನಲ್ಲಿ ಒಪ್ಪಂದ ನಿಂತಿತು, ಅಕ್ಟೋಬರ್‌ನಲ್ಲಿ ಜಿಲ್ಲೆಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು.

ಮಾನದಂಡ ಕೇಳಿದ್ದು ಟೈಪ್ ಮಾಡುವ ಕೌಶಲ. ಕೊಂಡದ್ದು ಕೀಲಿಮಣೆಯಿಲ್ಲದ ಸಾಧನ. ಪಟ್ಟಿಯ ಒಂದು ಸಾಲನ್ನು ಎಚ್ಚರದಿಂದ ಓದದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. ಹೊಸ ಪಠ್ಯಕ್ರಮ ಬಂತೆಂದು ಮೊದಲ ವರ್ಷವೇ ಎಲ್ಲ ಹಣ ಸುರಿಯಬೇಡಿ. ಒಂದು ತರಗತಿಯಲ್ಲಿ, ಒಂದು ಅವಧಿಗೆ ಬಳಸಿ ನೋಡಿ. ಸರಿ ಎನಿಸಿದರೆ ಮುಂದುವರಿಯಿರಿ.

4. ಪರೀಕ್ಷೆ ನಡೆಯುವ ಬಗೆಯನ್ನು ಗಮನಿಸಿ, ಅದಕ್ಕೇ ಶರಣಾಗಬೇಡಿ

ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಇಂದಿಗೂ ಪೆನ್ನು, ಕಾಗದದ ಪರೀಕ್ಷೆ. ಉತ್ತರವನ್ನು ಕೈಯಲ್ಲಿ ಬರೆಯಬೇಕು, ಚಿತ್ರವನ್ನು ಪೆನ್ಸಿಲ್‌ನಲ್ಲಿ ಬಿಡಿಸಬೇಕು. ಆದ್ದರಿಂದ ‘ಟ್ಯಾಬ್ ಕೊಟ್ಟರೆ ಫಲಿತಾಂಶ ಏರುತ್ತದೆ’ ಎಂಬ ಮಾತನ್ನು ಯಾರಾದರೂ ಹೇಳಿದರೆ, ಹೇಗೆ ಏರುತ್ತದೆ ಎಂದು ಬಿಡಿಸಿ ಕೇಳಿ. ಬರೆಯುವ ಅಭ್ಯಾಸವನ್ನು ಪರದೆ ತಿಂದುಹಾಕಿದರೆ ಫಲಿತಾಂಶ ಇಳಿಯಲೂಬಹುದು.

ಹಾಗೆಂದು ಪರೀಕ್ಷೆಗೆ ಬಾರದ ಕೌಶಲವೆಲ್ಲ ಬೇಡವೆಂದೂ ಅಲ್ಲ. ಪಿಯುಸಿ ನಂತರ ಜೆಇಇ ಮೇನ್ ಬರೆಯುವ ವಿದ್ಯಾರ್ಥಿ ಕಂಪ್ಯೂಟರ್ ಮುಂದೆಯೇ ಕೂರಬೇಕು. ಹಳ್ಳಿಯ ಮಗುವಿಗೆ ಮೌಸ್ ಹಿಡಿಯುವ ಮೊದಲ ಅವಕಾಶ ಪರೀಕ್ಷಾ ಕೇಂದ್ರದಲ್ಲಿ ಸಿಗಬಾರದು. ಹೀಗಾಗಿ ಪ್ರೌಢಶಾಲೆಯ ಕಂಪ್ಯೂಟರ್ ಕೊಠಡಿಗೆ ಮಾಡುವ ಖರ್ಚಿಗೆ ನ್ಯಾಯವಾದ ಕಾರಣವಿದೆ. 1ನೇ ತರಗತಿಗೆ ಟ್ಯಾಬ್ ತರಲು ಅದೇ ಕಾರಣ ಸಾಲದು.

5. ಮಗು ಇರುವ ಮಟ್ಟದಿಂದ ಶುರುಮಾಡುವ ಸಾಧನಕ್ಕೆ ಆದ್ಯತೆ ಕೊಡಿ

ಮಾನದಂಡ 7ನೇ ತರಗತಿಯದು ಇರಬಹುದು. ಮಗು ಗಣಿತದಲ್ಲಿ 4ನೇ ತರಗತಿಯ ಮಟ್ಟದಲ್ಲಿ ಇರಬಹುದು. ಈ ಅಂತರವೇ ನಮ್ಮ ತರಗತಿಗಳ ದೊಡ್ಡ ಸಮಸ್ಯೆ. ಎಲ್ಲರಿಗೂ ಒಂದೇ ವಿಡಿಯೋ ತೋರಿಸುವ ಪರದೆ ಈ ಅಂತರವನ್ನು ಮುಟ್ಟುವುದೇ ಇಲ್ಲ.

ದೆಹಲಿಯಲ್ಲಿ ನಡೆದ ಒಂದು ಅಧ್ಯಯನ ಇಲ್ಲಿ ನೆನಪಿಡಬೇಕಾದದ್ದು. ಕಾರ್ತಿಕ್ ಮುರಳೀಧರನ್, ಅಭಿಜಿತ್ ಸಿಂಗ್ ಮತ್ತು ಅಲೆಹಾಂದ್ರೊ ಗಾನಿಮಿಯನ್ ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶವನ್ನು ಪರೀಕ್ಷಿಸಿ, 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದು ಪ್ರತಿ ಮಗುವಿನ ಮಟ್ಟ ಗುರುತಿಸಿ ಅಲ್ಲಿಂದ ಪ್ರಶ್ನೆ ಕೊಡುತ್ತಿತ್ತು. ನಾಲ್ಕೂವರೆ ತಿಂಗಳಲ್ಲಿ ಗಣಿತ ಮತ್ತು ಹಿಂದಿ ಎರಡರಲ್ಲೂ ಗಣನೀಯ ಸುಧಾರಣೆ ಕಂಡುಬಂತು. ಶಾಲೆ ಬಿಟ್ಟ ಮೇಲೆ ನಡೆಯುತ್ತಿದ್ದ ಆ ಕೇಂದ್ರಗಳಲ್ಲಿ, ಕಂಪ್ಯೂಟರ್ ಅವಧಿಯ ಜೊತೆಗೆ ಸಣ್ಣ ಗುಂಪುಗಳಿಗೆ ಶಿಕ್ಷಕರ ನೆರವೂ ಇತ್ತು ಎಂಬುದನ್ನು ಮರೆಯಬೇಡಿ.

ಈ ತತ್ತ್ವ ಕರ್ನಾಟಕಕ್ಕೆ ಹೊಸದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿಕಲಿ ಇದನ್ನೇ ಕಾರ್ಡುಗಳಲ್ಲಿ, ಕಲಿಕಾ ಏಣಿಯಲ್ಲಿ ಮಾಡಿ ತೋರಿಸಿತು. ಪ್ರತಿ ಮಗುವೂ ತನ್ನ ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ತನ್ನ ವೇಗದಲ್ಲಿ ಹತ್ತುತ್ತದೆ, ಕರೆಂಟು ಬೇಕಿಲ್ಲ. ನಿಮ್ಮ ಶಾಲೆಯ ನಲಿಕಲಿ ಕಾರ್ಡುಗಳು ಹರಿದುಹೋಗಿದ್ದರೆ, ಪ್ರೊಜೆಕ್ಟರ್‌ಗಿಂತ ಮೊದಲು ಅವನ್ನು ಹೊಸದಾಗಿ ಮಾಡಿಸಿ.

6. ಅನುದಾನದ ಲೆಕ್ಕ ತಿಳಿದುಕೊಳ್ಳಿ

ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಲ್ಲಿ ಸ್ಮಾರ್ಟ್ ತರಗತಿಗೆ ಒಮ್ಮೆ ಕೊಡುವ ಅನುದಾನ 2.40 ಲಕ್ಷ ರೂಪಾಯಿವರೆಗೆ, ವರ್ಷ ವರ್ಷದ ನಿರ್ವಹಣೆಗೆ 38 ಸಾವಿರದವರೆಗೆ. ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಪ್ರಯೋಗಾಲಯಕ್ಕೆ ಒಮ್ಮೆ 6.40 ಲಕ್ಷ, ಆಮೇಲೆ ಐದು ವರ್ಷ ಪ್ರತಿ ವರ್ಷ 2.40 ಲಕ್ಷದವರೆಗೆ. ಇದರ ಜೊತೆ, ಶಾಲೆಯ ದಿನನಿತ್ಯದ ಅಗತ್ಯಗಳಿಗೆ ಮಕ್ಕಳ ಸಂಖ್ಯೆಗೆ ತಕ್ಕಂತೆ 10 ಸಾವಿರದಿಂದ 1 ಲಕ್ಷ ರೂಪಾಯಿವರೆಗೆ ಸಂಯುಕ್ತ ಶಾಲಾ ಅನುದಾನ ಇದೆ.

ಈ ಅಂಕಿಗಳನ್ನು ಒಮ್ಮೆ ಕೂಡಿಸಿ ನೋಡಿ. ಐಸಿಟಿ ಪ್ರಯೋಗಾಲಯದ ಐದು ವರ್ಷದ ನಿರ್ವಹಣೆಗೇ 12 ಲಕ್ಷ, ಯಂತ್ರಗಳಿಗೆ 6.40 ಲಕ್ಷ. ಕೊಳ್ಳುವ ಖರ್ಚಿಗಿಂತ ನಡೆಸುವ ಖರ್ಚು ಸುಮಾರು ಎರಡು ಪಟ್ಟು ಎಂದು ಸರ್ಕಾರದ ಲೆಕ್ಕವೇ ಒಪ್ಪುತ್ತದೆ. ದಾನಿಗಳಿಂದ ಕಂಪ್ಯೂಟರ್ ಪಡೆಯುವಾಗ ಈ ಎರಡನೇ ಭಾಗವನ್ನು ಕೇಳುವ ಶಾಲೆಗಳು ಕಡಿಮೆ. ನೀವು ಕೇಳಿ. ಸಂಕೋಚ ಬೇಡ.

7. ಐದು ವರ್ಷದ ಖರ್ಚನ್ನು ಒಂದೇ ಹಾಳೆಯಲ್ಲಿ ಬರೆಯಿರಿ

ಒಂದು ಹಾಳೆ ಸಾಕು. ಅದರಲ್ಲಿ ಇವು ಇರಲಿ:

- ಸಾಧನದ ಬೆಲೆ, ಸಾಗಣೆ, ಅಳವಡಿಕೆ
- ವಾರಂಟಿ ಎಷ್ಟು ವರ್ಷ, ಆಮೇಲೆ ವಾರ್ಷಿಕ ನಿರ್ವಹಣೆ ಒಪ್ಪಂದಕ್ಕೆ (ಎಎಂಸಿ) ಎಷ್ಟು
- ಯುಪಿಎಸ್ ಮತ್ತು ಬ್ಯಾಟರಿ ಬದಲಾವಣೆ
- ಇಂಟರ್‌ನೆಟ್ ಬಾಡಿಗೆ
- ತಂತ್ರಾಂಶದ ವಾರ್ಷಿಕ ಶುಲ್ಕ. ಅದು ನಿಂತರೆ ಪಾಠಗಳೂ ನಿಲ್ಲುತ್ತವೆಯೇ
- ಕಿಟಕಿಗೆ ಕಂಬಿ, ಬೀಗ, ವೈರಿಂಗ್, ಅರ್ತಿಂಗ್
- ಕೆಟ್ಟ ಮೇಲೆ ಇ-ತ್ಯಾಜ್ಯವನ್ನು ಅಧಿಕೃತ ಸಂಸ್ಥೆಗೆ ಕೊಡುವ ವ್ಯವಸ್ಥೆ

ರಾಜ್ಯ ಸರ್ಕಾರ 2023ರ ರಾಜ್ಯೋತ್ಸವದಂದು ಸರ್ಕಾರಿ ಶಾಲಾ ಕಾಲೇಜುಗಳಿಗೆ ಉಚಿತ ವಿದ್ಯುತ್ ಘೋಷಿಸಿತು. ಬಿಲ್ಲಿನ ಚಿಂತೆ ಅದರಿಂದ ಇಳಿಯುತ್ತದೆ. ಆದರೆ ಪಾಠದ ಹೊತ್ತಿಗೇ ಕರೆಂಟು ಹೋದರೆ ಯುಪಿಎಸ್ ಬೇಕೇ ಬೇಕು. ಈ ಹಾಳೆಯ ಮೊತ್ತ ನಿಮ್ಮ ಕೈಮೀರಿದರೆ ಸಾಧನಗಳ ಸಂಖ್ಯೆ ಇಳಿಸಿ. ಐದು ವರ್ಷ ನಡೆಯುವ ಒಂದು ಪ್ರೊಜೆಕ್ಟರ್, ಒಂದೇ ವರ್ಷದಲ್ಲಿ ಮೂಲೆ ಸೇರುವ ನಾಲ್ಕಕ್ಕಿಂತ ಮೇಲು.

8. ಶಿಕ್ಷಕರ ತರಬೇತಿಗೆ ಮೊದಲ ಪಾಲು ತೆಗೆದಿಡಿ

ಕೇರಳ ಇದರಲ್ಲಿ ನಮಗೆ ದಾರಿ ತೋರಿಸಿದೆ. 2001ರ ಹೊತ್ತಿಗೆ ಅಲ್ಲಿ ಐಟಿ@ಸ್ಕೂಲ್ ಯೋಜನೆ ಆರಂಭವಾಯಿತು. ಮಾಹಿತಿ ತಂತ್ರಜ್ಞಾನವನ್ನು ಪಠ್ಯದೊಳಗೆ ತಂದರು, ಎಸ್‌ಎಸ್‌ಎಲ್‌ಸಿ ಹಂತದಲ್ಲಿ ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇಟ್ಟರು, ಶಿಕ್ಷಕರಿಗೆ ದೊಡ್ಡ ಪ್ರಮಾಣದಲ್ಲಿ ತರಬೇತಿ ಕೊಟ್ಟರು, ಮುಕ್ತ ತಂತ್ರಾಂಶ ಬಳಸಿ ಪರವಾನಗಿ ಖರ್ಚು ಉಳಿಸಿದರು. 45 ಸಾವಿರ ತರಗತಿ ಕೊಠಡಿಗಳನ್ನು ಹೈಟೆಕ್ ಮಾಡುವ ದೊಡ್ಡ ಖರ್ಚು ಬಂದದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಮೊದಲು ಮಾನದಂಡ, ಆಮೇಲೆ ಶಿಕ್ಷಕರು, ಕೊನೆಗೆ ಯಂತ್ರ. ಈ ಅನುಕ್ರಮವೇ ಅವರ ಬಲ.

ನಿಮ್ಮ ಶಾಲೆಯ ಮಟ್ಟದಲ್ಲೂ ಇದು ಸಾಧ್ಯ. ಸಾಧನ ಬರುವ ಮೊದಲೇ ಇಬ್ಬರು ಶಿಕ್ಷಕರನ್ನು ಗುರುತಿಸಿ. ತಮ್ಮ ವಿಷಯದ ಮೂರು ಪಾಠಗಳಿಗೆ ಆ ಸಾಧನವನ್ನು ಹೇಗೆ ಬಳಸುತ್ತೇವೆ ಎಂದು ಪಾಠ ಯೋಜನೆ ಬರೆದು ಅವರು ಸಹೋದ್ಯೋಗಿಗಳ ಮುಂದೆ ತೋರಿಸಲಿ. ಕ್ಲಸ್ಟರ್ ಅಥವಾ ಬ್ಲಾಕ್ ಸಂಪನ್ಮೂಲ ವ್ಯಕ್ತಿಗಳನ್ನೂ (ಸಿಆರ್‌ಪಿ, ಬಿಆರ್‌ಪಿ) ಅದಕ್ಕೆ ಕರೆಯಿರಿ. ಪಾಠ ಯೋಜನೆ ಹುಟ್ಟದಿದ್ದರೆ ಖರೀದಿ ಮುಂದೂಡಿ. ‘ಹಾಳಾದರೆ ಯಾರು ಜವಾಬ್ದಾರಿ’ ಎಂಬ ಭಯಕ್ಕೆ ಬೀರುವಿನಲ್ಲಿ ಬೀಗ ಹಾಕಿಟ್ಟ ಲ್ಯಾಪ್‌ಟಾಪ್‌ನಿಂದ ಯಾರೂ ಕಲಿಯುವುದಿಲ್ಲ. ಬಳಸಿ ಕೆಟ್ಟರೆ ಶಿಕ್ಷಕರ ಮೇಲೆ ಹೊರೆ ಹಾಕುವುದಿಲ್ಲ ಎಂದು ಎಸ್‌ಡಿಎಂಸಿ ಮೊದಲೇ ತೀರ್ಮಾನಿಸಿ ಧೈರ್ಯ ಕೊಡಲಿ.

9. ಕನ್ನಡದಲ್ಲಿ ಓಡುತ್ತದೆಯೇ ಎಂದು ಕಣ್ಣಾರೆ ನೋಡಿ. ಉಚಿತವಾಗಿ ಸಿಗುವುದಕ್ಕೆ ಹಣ ಕೊಡಬೇಡಿ

ಮಾರಾಟಗಾರರ ಪ್ರದರ್ಶನಕ್ಕೆ ನಿಮ್ಮದೇ ಪಠ್ಯಪುಸ್ತಕ ಹಿಡಿದು ಹೋಗಿ. ಯಾವುದೋ ಒಂದು ಪುಟ ತೆರೆದು, ‘ಈ ಪಾಠ ತೋರಿಸಿ’ ಎನ್ನಿ. ಪಾರಿಭಾಷಿಕ ಪದಗಳು ನಮ್ಮ ಪುಸ್ತಕದವೇ, ಅಥವಾ ಬೇರೆ ಭಾಷೆಯಿಂದ ಯಂತ್ರ ತಿರುಗಿಸಿದವೇ ಎಂದು ವಿಷಯ ಶಿಕ್ಷಕರು ಒಂದೇ ನಿಮಿಷದಲ್ಲಿ ಹೇಳಬಲ್ಲರು. ‘ಸ್ವಾತಂತ್ರ್ಯ’, ‘ದೀರ್ಘ’ ಎಂಬ ಪದಗಳನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ. ಒತ್ತಕ್ಷರವೂ ಅರ್ಕಾವತ್ತೂ ಒಡೆಯದೆ ಬರಬೇಕು.

ಕೊಳ್ಳುವ ಮೊದಲು ಉಚಿತವಾದದ್ದನ್ನೂ ಹುಡುಕಿ. 2017ರಲ್ಲಿ ಶುರುವಾದ ದೀಕ್ಷಾ ವೇದಿಕೆ ಇದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗಳು ಅಲ್ಲಿಗೇ ಕರೆದೊಯ್ಯುತ್ತವೆ. ಜ್ಯಾಮಿತಿಗೆ, ಬೀಜಗಣಿತದ ನಕ್ಷೆಗಳಿಗೆ ಜಿಯೋಜೀಬ್ರ ಇದೆ. ಫೆಟ್‌ನ ಹಲವು ಸಿಮ್ಯುಲೇಷನ್‌ಗಳು ಕನ್ನಡದಲ್ಲೇ ಸಿಗುತ್ತವೆ. ಒಮ್ಮೆ ಇಳಿಸಿಕೊಂಡು ಇಂಟರ್‌ನೆಟ್ ಇಲ್ಲದೆಯೂ ಬಳಸಬಹುದಾದವು ಇವುಗಳಲ್ಲಿ ಹಲವಿವೆ. ಇಷ್ಟನ್ನು ಬಳಸಿ ನೋಡಿದ ಮೇಲೆ ಉಳಿಯುವ ಕೊರತೆಗೆ ಮಾತ್ರ ಹಣ ಕೊಡಿ.

10. ಗುರಿಯನ್ನು ಠರಾವಿನಲ್ಲಿ ಬರೆಯಿರಿ, ವರ್ಷದ ಕೊನೆಗೆ ಅಳೆಯಿರಿ

‘ಶಾಲೆಗೆ ಸ್ಮಾರ್ಟ್ ತರಗತಿ ಮಾಡುವುದು’ ಎಂಬ ಠರಾವಿನಿಂದ ಯಾರ ಹೊಣೆಯೂ ಸ್ಪಷ್ಟವಾಗುವುದಿಲ್ಲ. ಹೀಗೆ ಬರೆದು ನೋಡಿ: ‘6ನೇ ತರಗತಿಯಲ್ಲಿ ಭಿನ್ನರಾಶಿ ಲೆಕ್ಕ ಮಾಡಬಲ್ಲ ಮಕ್ಕಳು ಈಗ ಇಷ್ಟು, ಮಾರ್ಚ್ ಹೊತ್ತಿಗೆ ಇಷ್ಟಾಗಬೇಕು, ಇದಕ್ಕಾಗಿ ಈ ಸಾಧನ, ವಾರಕ್ಕೆ ಇಷ್ಟು ಅವಧಿ, ಇಂಥ ಶಿಕ್ಷಕರ ಹೊಣೆಯಲ್ಲಿ.’ ನಡಾವಳಿ ಪುಸ್ತಕದಲ್ಲಿ ಇಂಥ ಮೂರು ಸಾಲಿದ್ದರೆ ಖರೀದಿ ಪಾರದರ್ಶಕವಾಗುತ್ತದೆ, ಲೆಕ್ಕ ತಪಾಸಣೆಗೂ ಉತ್ತರ ಸಿದ್ಧವಿರುತ್ತದೆ. ಕಂಪ್ಯೂಟರ್ ಪಕ್ಕದಲ್ಲಿ ಒಂದು ಬಳಕೆ ವಹಿ ಇಡಿ: ದಿನಾಂಕ, ತರಗತಿ, ಪಾಠ, ಶಿಕ್ಷಕರ ಸಹಿ. ದಾಸ್ತಾನು ವಹಿ ವಸ್ತು ಇದೆ ಎಂದು ಹೇಳುತ್ತದೆ. ಬಳಕೆ ವಹಿ ಅದು ಕೆಲಸಕ್ಕೆ ಬಂತೇ ಎಂದು ಹೇಳುತ್ತದೆ.

ಅಳೆಯದೆ ಕೊಡುತ್ತಾ ಹೋದ ದೇಶಗಳು ಪಾಠ ಕಲಿತಿವೆ. ಪೆರು ದೇಶ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿತು. 2012ರಲ್ಲಿ ಪ್ರಕಟವಾದ, 319 ಶಾಲೆಗಳ ಅಧ್ಯಯನದಲ್ಲಿ ಗಣಿತ ಮತ್ತು ಭಾಷೆಯ ಅಂಕಗಳು ಏರಿದ್ದಕ್ಕೆ ಪುರಾವೆ ಸಿಗಲಿಲ್ಲ. ಶಾಲೆಗಳ ತಂತ್ರಜ್ಞಾನಕ್ಕೆ ಭಾರಿ ಹಣ ಹಾಕಿದ ದೇಶಗಳಿಗೆ ಪಿಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಇಲ್ಲ ಎಂದು ಅದನ್ನು ನಡೆಸುವ ಒಇಸಿಡಿ ಸಂಸ್ಥೆ 2015ರಲ್ಲಿ ವರದಿ ಮಾಡಿತು. ಸ್ವೀಡನ್ 2023ರಲ್ಲಿ ಮುದ್ರಿತ ಪಠ್ಯಪುಸ್ತಕಗಳಿಗೆ ಮತ್ತೆ ಹಣ ಎತ್ತಿಟ್ಟಿತು. ಸ್ವೀಡನ್‌ನಂಥ ಶ್ರೀಮಂತ ದೇಶವೇ ಖರ್ಚನ್ನು ಮರುಪರಿಶೀಲಿಸುವಾಗ, ಒಂದೊಂದು ರೂಪಾಯಿಯನ್ನೂ ಎಣಿಸಿ ಬಳಸಬೇಕಾದ ನಮ್ಮ ಶಾಲೆಗಳು ಇನ್ನೂ ಹೆಚ್ಚು ಜಾಗ್ರತೆಯಿಂದ ಇರಬೇಕು.

ತಂತ್ರಜ್ಞಾನ ಬೇಡವೆಂದು ಈ ಹತ್ತು ಸೂತ್ರಗಳಲ್ಲಿ ಒಂದೂ ಹೇಳುವುದಿಲ್ಲ. ನಗರದ ಮಗುವಿಗೆ ಸಿಗುವ ಕಲಿಕೆಯ ಅವಕಾಶ ಹಳ್ಳಿಯ ಮಗುವಿಗೂ ಸಿಗಬೇಕು. ಸರಿಯಾಗಿ ಆರಿಸಿದ ಸಾಧನ, ಸಿದ್ಧರಾದ ಶಿಕ್ಷಕರ ಕೈಯಲ್ಲಿ, ಆ ಅಂತರವನ್ನು ತಗ್ಗಿಸಬಲ್ಲದು. ಆದರೆ ಶಾಲೆಯ ಹಣ ಮಕ್ಕಳದು. ಮುಂದಿನ ಎಸ್‌ಡಿಎಂಸಿ ಸಭೆಗೆ ಹೋಗುವಾಗ ನಿಮ್ಮ ತರಗತಿಯ ಕಲಿಕಾ ಫಲಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹೋಗಿ. ಏನು ಕೊಳ್ಳೋಣ ಎಂದು ಯಾರಾದರೂ ಕೇಳಿದರೆ, ಮಕ್ಕಳು ಏನನ್ನು ಕಲಿಯಬೇಕಾಗಿದೆ ಎಂಬ ಪ್ರಶ್ನೆಯನ್ನು ನೀವು ಮೊದಲು ಎತ್ತಿ.